ಹೊರಸಿನ ಕೆಳಗಿನ ಕೆಂಡ

ಹೊರಸು, ಅಂದರೆ ಹಗ್ಗ ಹೆಣೆದ ಮಂಚ, ಕೊಳ್ಳಲು ಬಂದವರು ಅದನ್ನು ಯಾರಿಗಾಗಿ ಒಯ್ಯುತ್ತಾರೆ ಎಂಬುದನ್ನು ಅವರು ಬಾಯಿ ಬಿಡುವ ಮೊದಲೇ ನಾನು ಹೇಳಬಲ್ಲೆ. ಮುದುಕರಿಗಾದರೆ ಹಗ್ಗವನ್ನು ಅಂಗೈಯಿಂದ ಒತ್ತಿ ನೋಡುತ್ತಾರೆ. ಹೊಲ ಕಾಯುವವರಿಗಾದರೆ ಒಂದೇ ಕೈಯಲ್ಲಿ ಎತ್ತಿ ತೂಕ ನೋಡುತ್ತಾರೆ. ಬಾಣಂತಿಗಾದರೆ ಬಗ್ಗಿ ಹೊರಸಿನ ಕೆಳಗೆ ನೋಡುತ್ತಾರೆ. ಕಾಲು ಎಷ್ಟು ಎತ್ತರ ಇವೆ, ಕೆಂಡದ ಅಗ್ಗಿಷ್ಟಿಗೆ ಅಡಿಯಲ್ಲಿ ಹಿಡಿಸೀತೇ, ಹಗ್ಗ ಸುಡದಷ್ಟು ಅಂತರ ಉಳಿದೀತೇ ಎಂದು. ಹಾಗೆ ಬಗ್ಗಿದವರ ಜೊತೆ ಚೌಕಾಶಿಯಲ್ಲಿ ನಾನು ಬೇಗ ಇಳಿಯುತ್ತಿರಲಿಲ್ಲ. ಹೆರಿಗೆ ಹತ್ತಿರ ಬಂದ ಮನೆಯವರು ಹೊರಸು ಬಿಟ್ಟು ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ. ಈ ನಾಲ್ಕು ಊರಿನ ಸಂತೆಗಳಲ್ಲಿ ಹೊರಸು, ತೊಟ್ಟಿಲು ಮಾರಿ ಹಾನಗಲ್ಲಿನಲ್ಲಿ ಮನೆ ಕಟ್ಟಿದವಳು ನಾನು. ಗಂಡ ತೀರಿಕೊಂಡಾಗ ಮಗಳು ಇನ್ನೂ ಶಾಲೆಗೆ ಹೋಗುತ್ತಿರಲಿಲ್ಲ. ಇನ್ನು ಸಂತೆಗೆ ಹೋಗುವ ಅಗತ್ಯವೇನು ಎಂದು ಅದೇ ಮಗಳು ಈಗ ಕೇಳುತ್ತಾಳೆ. ಬರೀ ಅಗತ್ಯಕ್ಕೆ ಸಂತೆಗೆ ಯಾರು ಹೋಗುತ್ತಾರೆ?

ನನ್ನ ತವರು ಹಿರೇಕೆರೂರ ಕಡೆ, ರಟ್ಟೀಹಳ್ಳಿಯಿಂದ ಒಳಗೆ ಹೋದರೆ ಸಿಗುವ ಹಳ್ಳಿ. ಮಗಳನ್ನು ಹಡೆದು ನಾನು ಮಲಗಿದ್ದು ಅಲ್ಲಿ, ಮಣ್ಣಿನ ಮಾಳಿಗೆಯ ಮನೆಯ ಒಳಕೋಣೆಯಲ್ಲಿ. ಕೋಣೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಗವಾಕ್ಷಿ ಇತ್ತು; ಅದರಿಂದ ಬಿಸಿಲು ಒಂದು ತಟ್ಟೆಯಷ್ಟು ಅಗಲಕ್ಕೆ ನೆಲಕ್ಕೆ ಬಿದ್ದು, ಹೊತ್ತು ಏರಿದಂತೆ ಗೋಡೆಯ ಕಡೆ ಸರಿಯುತ್ತಿತ್ತು. ಅವ್ವ ಹಿತ್ತಲ ಒಲೆಯಲ್ಲಿ ಜಾಲಿ ಕಟ್ಟಿಗೆ ಉರಿಸಿ, ಹೊಗೆಯೆಲ್ಲ ಹೋದ ಮೇಲೆ ಕೆಂಡವನ್ನಷ್ಟೇ ಆರಿಸಿ ಅಗ್ಗಿಷ್ಟಿಗೆಯಲ್ಲಿ ತುಂಬಿ, ಮೇಲೆ ತೆಳ್ಳಗೆ ಬೂದಿ ಹರಡಿ ತರುತ್ತಿದ್ದಳು. ಹೊರಸಿನ ಕೆಳಗೆ ಅದನ್ನು ತಳ್ಳಿ, ಬೆಳ್ಳುಳ್ಳಿ ಸಿಪ್ಪೆ ಮತ್ತು ಒಂದು ಚಿಟಿಕೆ ಅಜಿವಾನ ಉದುರಿಸುವಳು. ಹಗ್ಗದ ಸಂದಿನಿಂದ, ಕೌದಿಯ ಪದರಗಳಿಂದ ಬಿಸಿ ನಿಧಾನ ಮೇಲೇರಿ ಸೊಂಟದ ಎಲುಬಿಗೆ ಮುಟ್ಟುವಾಗ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಸ್ಥಿತಿ ಬರುತ್ತಿತ್ತು. ಅವ್ವ ನನ್ನ ಬೆನ್ನಿನ ಕೆಳಗೆ ಕೈ ತೂರಿಸಿ ನೋಡುವಳು.

"ಹತ್ತೇತೇನ ಬಿಸಿ?"

"ಇನ್ನೊಂದೀಟು ಬೇಕಬೇ."

"ಆಸೆಬುರುಕಿ," ಎಂದು ಅಗ್ಗಿಷ್ಟಿಗೆಯನ್ನು ಅಷ್ಟೇ ಅಷ್ಟು ಒಳಗೆ ತಳ್ಳುವಳು.

ಆಮೇಲಿನ ನನ್ನ ಬದುಕಿನಲ್ಲಿ ಬಿಸಿ ಸಾಕೋ ಬೇಕೋ ಎಂದು ಯಾರೂ ಕೇಳಲಿಲ್ಲ. ಕೇಳುವುದಕ್ಕೆ ನಾನು ಒಂದೆಡೆ ಮಲಗಲೂ ಇಲ್ಲ.

ಅವ್ವ ಹೋದ ಮೇಲೆ ಅಣ್ಣ ಮನೆಯ ಸಾಮಾನು ಹಂಚಿದಾಗ ನಾನು ಕೇಳಿದ್ದು ಆ ಅಗ್ಗಿಷ್ಟಿಗೆಯನ್ನು. ಅತ್ತಿಗೆಗೆ ನಗು ತಡೆಯಲಿಲ್ಲ.

"ಹಿತ್ತಾಳಿ ಹಂಡೆ ಬಿಟ್ಟು ಈ ಕಬ್ಬಿಣ ಕೇಳಾಕತ್ತೀರಲ್ರಿ? ವ್ಯಾಪಾರಸ್ತರು ನೀವು, ಇದರಾಗ ಏನ ಲಾಭ ಕಂಡ್ರಿ?"

"ಕಬ್ಬಿಣ ಗಟ್ಟಿ ಐತ್ರಿ," ಎಂದೆ. ಬೇರೆ ಏನು ಹೇಳುವುದು?

ಮಗಳು ಮೊದಲ ಬಸುರಿಯಾದಾಗ ನಾನು ಅವಳಿಗಿಂತ ಹೆಚ್ಚು ದಿನ ಎಣಿಸಿದೆ. ಚಿಕ್ಕವಳಿದ್ದಾಗಿನಿಂದ ಆ ಒಳಕೋಣೆಯ ಮಾತು ಹೇಳಿ ಹೇಳಿ ಅವಳ ಕಿವಿ ತುಂಬಿಸಿದ್ದೆ. ಅಂಟಿನುಂಡಿಗೆ ಕೊಬ್ಬರಿ, ಉತ್ತತ್ತಿ ಆರಿಸುತ್ತ ಕುಳಿತಾಗ ಅವಳೇ ಕೇಳಿದಳು, "ಅಜ್ಜಿ ಕೆಂಡ ನನಗೂ ಇಡ್ತಿ ಹೌದಿಲ್ಲೊಬೇ?" ಬೀಜ ತೆಗಿ ಎಂದು ನಾನು ಉತ್ತತ್ತಿಯ ತಟ್ಟೆಯನ್ನು ಅವಳ ಕಡೆ ಸರಿಸಿದೆ. ಯಾಕೆಂದರೆ ಅಷ್ಟರೊಳಗೆ ಸವಣೂರಿನಲ್ಲಿ ಒಂದು ಮನೆ ನೋಡಿಬಿಟ್ಟಿದ್ದೆ.

ಆ ಮನೆಗೆ ಹೊರಸು ಕೊಟ್ಟವಳು ನಾನೇ. ಕೆಲವು ದಿನ ಬಿಟ್ಟು ತೊಟ್ಟಿಲು ಮುಟ್ಟಿಸಲು ಹೋದಾಗ ಬಾಣಂತಿ ವಾಂತಿ ಮಾಡಿಕೊಂಡು ತಲೆ ಹಿಡಿದುಕೊಂಡು ಬಿದ್ದಿದ್ದಳು. ಆರೈಕೆ ಮಾಡುತ್ತಿದ್ದ ಅಜ್ಜಿ ತಾನೂ ಹಣೆಗೆ ಬಟ್ಟೆ ಬಿಗಿದುಕೊಂಡು, ಬಾಣಂತಿಗೆ ಉಪ್ಪು ಮೆಣಸಿನಕಾಯಿ ಇಳಿಸುತ್ತಿದ್ದಳು. ಯಾರದೋ ಕೆಟ್ಟ ದೃಷ್ಟಿ ತಾಗಿದೆ ಎಂದು ಮನೆಯವರೆಲ್ಲ ನಂಬಿದ್ದರು. ಹೊರಸಿನ ಹಗ್ಗ ಸಡಿಲಾಗಿದೆ, ಬಿಗಿದುಕೊಡುತ್ತೇನೆ ಎಂದು ಬಾಣಂತಿಯನ್ನು ಅಂಗಳಕ್ಕೆ ತರಿಸಿದೆ. ಸ್ವಲ್ಪ ಹೊತ್ತಿಗೆ ಅವಳ ಮುಖಕ್ಕೆ ಕಳೆ ಬಂತು, ನೀರು ಕೇಳಿದಳು. ಒಳಗೆ ಕರೆದೊಯ್ದರೆ ಮತ್ತೆ ತಲೆಭಾರ. ಮನೆಯವರು ಕರೆಸಿದ ಡಾಕ್ಟರು ಬಾಗಿಲಲ್ಲೇ ನಿಂತು ಹೊರಸಿನ ಕೆಳಗಿನ ಕೆಂಡ ನೋಡಿದರು.

"ಮೊದ್ಲ ಎಲ್ಲಾರನೂ ಹೊರಗ ತರ್ರಿ," ಎಂದರು. "ವಿಚಾರ ಆಮ್ಯಾಲ ಮಾಡೂಣು."

ಕೆಂಡದಿಂದ ಬರುವ ಒಂದು ಅನಿಲವಿದೆ, ಕಾರ್ಬನ್ ಮಾನಾಕ್ಸೈಡ್ ಅಂತ. ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ. ಹೊಗೆಯಾದರೆ ಕಣ್ಣುರಿಸಿ ನಮ್ಮನ್ನು ಎಬ್ಬಿಸುತ್ತದೆ, ಇದು ಮಲಗಿಸುತ್ತದೆ. ರಕ್ತದಲ್ಲಿ ಪ್ರಾಣವಾಯುವಿನ ಜಾಗವನ್ನು ತಾನೇ ಹಿಡಿದುಕೊಳ್ಳುತ್ತದೆ. ಒಂದೇ ಕೋಣೆಯಲ್ಲಿ ಇದ್ದವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ, ತಲೆ ತಿರುಗುವುದು ಬಂದು, ಹೊರಗೆ ಬಂದರೆ ಕಡಿಮೆಯಾದರೆ ಇದನ್ನೇ ಮೊದಲು ಅನುಮಾನಿಸಬೇಕು. ಹಸುಗೂಸಿಗೆ ಎಲ್ಲರಿಗಿಂತ ಬೇಗ ಏರುತ್ತದೆ, ಅದಕ್ಕೆ ಹೇಳಿಕೊಳ್ಳಲು ಬಾಯಿ ಇಲ್ಲ. ಹೊರಗೆ ಬಂದು ಹಾಯೆನಿಸಿದರೂ ಆಸ್ಪತ್ರೆಗೆ ಹೋಗಿ ತೋರಿಸಲೇಬೇಕು. ಡಾಕ್ಟರು ಇಷ್ಟು ಹೇಳಿ ಅವರನ್ನು ಗಾಡಿ ಹತ್ತಿಸಿದರು.

ನಾನು ಆ ಕೋಣೆಯ ಮೇಲ್ಭಾಗ ನೋಡಿದೆ. ನುಣುಪಾದ ಸ್ಲ್ಯಾಬು. ಗವಾಕ್ಷಿ ಇಲ್ಲ. ಜಾರುಕಿಟಕಿಗೆ ರಬ್ಬರು, ಅದರ ಮೇಲೆ ಹಳೆಯ ಸೀರೆ ತುರುಕಿತ್ತು, ಬಾಣಂತಿಗೆ ಗಾಳಿ ತಾಗಬಾರದೆಂದು. ಮಣ್ಣಿನ ಮನೆಯ ಕೆಂಡವನ್ನು ನಾವು ಸಿಮೆಂಟಿನ ಮನೆಗೆ ತಂದಿದ್ದೆವು. ಮಾಳಿಗೆಯ ತೂತನ್ನು ಮಾತ್ರ ಅಲ್ಲೇ ಬಿಟ್ಟು ಬಂದಿದ್ದೆವು. ಮಣ್ಣಿನ ಮನೆಯಲ್ಲೂ ಎಷ್ಟು ಬಾಣಂತಿಯರ ತಲೆನೋವು ದೃಷ್ಟಿಯ ಲೆಕ್ಕಕ್ಕೆ ಹೋಯಿತೋ, ಯಾರಿಗೆ ಗೊತ್ತು. ನನಗೂ ಬರುತ್ತಿದ್ದ ಆ ಮಂಪರು ಬರೀ ಸುಖದ್ದೇ ಆಗಿತ್ತೇ ಎಂದು ಮನೆಗೆ ಬರುವ ಬಸ್ಸಿನಲ್ಲಿ ಯೋಚಿಸಿದೆ. ಉತ್ತರ ಬೇಡವೆನಿಸಿ ಕಿಟಕಿಯ ಹೊರಗೆ ನೋಡಿದೆ.

ಹೀಗಾಗಿ ನನ್ನ ಮನೆಯಲ್ಲಿ ಕೆಂಡವಿಲ್ಲ ಎಂದು ತೀರ್ಮಾನಿಸಿದೆ. ಆಸೆಪಟ್ಟು ಕೇಳಿದ್ದ ಮಗಳಿಗೆ ಅದನ್ನು ಹೇಳುವುದನ್ನು ಮಾತ್ರ ಮುಂದೂಡುತ್ತ ಬಂದೆ. ನಮ್ಮ ಮನೆಯದೂ ಸ್ಲ್ಯಾಬೇ. ಧೂಳು, ಸೊಳ್ಳೆ ಬರಬಾರದೆಂದು ಕಿಟಕಿಯ ರಬ್ಬರನ್ನು ನಾನೇ ಅಂಗಡಿಯವನ ಬಳಿ ಜಗಳವಾಡಿ ದಪ್ಪದ್ದು ಹಾಕಿಸಿದ್ದೆ. ಆದರೂ ಮಗಳು ಕೂಸಿನೊಂದಿಗೆ ಆಸ್ಪತ್ರೆಯಿಂದ ಬರುವ ಹಿಂದಿನ ದಿನ ಅವ್ವನ ಅಗ್ಗಿಷ್ಟಿಗೆಯನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಪಡಸಾಲೆಯಲ್ಲಿ ಇಟ್ಟೆ. ಉಪಯೋಗಕ್ಕಲ್ಲ. ಹಡೆದವಳು ಬರುವ ಮನೆಯಲ್ಲಿ ಅದು ಕಣ್ಣಿಗೆ ಬೀಳುತ್ತಿರಲಿ ಎಂದು.

ಆ ವಾರವೇ ಬೀಗತಿ ಬಂದರು, ಅಳಿಯನ ತಾಯಿ. ಅಳಿಯ ಶಿಗ್ಗಾವಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ, ಬೀಗತಿ ಮಾತ್ರ ಹಿರೇಬೆಂಡಿಗೇರಿಯ ಹೊಲ ಬಿಟ್ಟು ಬಂದವರಲ್ಲ. ಆಟೋದಿಂದ ಇಳಿದವರ ಹಿಂದೆ ಒಂದು ಗೋಣಿಚೀಲವೂ ಇಳಿಯಿತು.

"ಏನ್ರಿ ಅಕ್ಕಾರ, ಜೋಳ ತಂದ್ರೇನು?" ಎಂದೆ.

"ಜೋಳ ನಿಮ್ಮ ಮನ್ಯಾಗ ಇಲ್ಲೇನು? ಇದ್ದಲಿ ತಂದೇನ್ರಿ, ಜಾಲಿ ಇದ್ದಲಿ. ಹೊಗಿ ಅನ್ನೂದು ಇಲ್ಲ. ನಿಮ್ಮ ಹಾನಗಲ್ಲಾಗ ಬರೇ ಹಸಿ ಕಟ್ಟಿಗಿ ಮಾರ್ತಾರ, ಸೊಸಿ ಕಣ್ಣ ಉರಿಸಿಕೊಂಡು ಮಕ್ಕೋಬೇಕೇನು?"

"ನಮ್ಮ ಹಾನಗಲ್ಲಾಗ ಏನೂ ಚಲೋದು ಸಿಗಂಗಿಲ್ಲ ಅಂದ್ರ ಸೊಸಿ ಹೆಂಗ ಸಿಕ್ಳ್ರಿ?"

"ಅದೊಂದ ಚಲೋದಿತ್ತು, ಒಯ್ದೇವಿ ತಗೀರಿ," ಎಂದು ನಕ್ಕರು.

ಬೀಗರು ಪ್ರೀತಿಯಿಂದ ಹೊತ್ತು ತಂದದ್ದನ್ನು ಬಾಗಿಲಲ್ಲೇ ಬೇಡವೆನ್ನಲು ನಮ್ಮ ಕಡೆ ಯಾರ ಬಾಯಿಗೂ ಬರುವುದಿಲ್ಲ. ಸಂತೆಯಲ್ಲಾದರೆ ಮುಖ ಮುರಿದು ಬೇಡವೆಂದು ನಡೆದುಬಿಡುವ ನಾನು, "ನೀರ ಕಾಸಾಕ ಆಗತೈತಿ, ಹಿತ್ತಲಾಗ ಇಡ್ರಿ," ಎಂದು ಮಾತು ತೇಲಿಸಿದೆ. ಯಾಕೆ ಒಳಗೆ ಬೇಡ ಎಂಬುದನ್ನು ಸಾವಕಾಶ ಕುಳಿತು ಹೇಳಿದರಾಯಿತು ಎಂದುಕೊಂಡು, ಒಪ್ಪಿಕೊಂಡಿದ್ದ ಒಂದು ತೊಟ್ಟಿಲು ಕೊಡಲು ಸಂತೆಗೆ ಹೋದೆ.

ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಬಂದೆ. ಚಪ್ಪಲಿ ಬಿಡುವಾಗಲೇ ಆ ವಾಸನೆ ಬಂತು. ಸುಟ್ಟ ಬೆಳ್ಳುಳ್ಳಿ ಸಿಪ್ಪೆ, ಅಜಿವಾನ, ಕೂಸಿನ ಎಣ್ಣೆ. ಇಷ್ಟು ವರ್ಷ ನಾಲ್ಕು ಊರು ಅಲೆದರೂ ಸಿಗದ ವಾಸನೆ ನನ್ನದೇ ಪಡಸಾಲೆಯಲ್ಲಿ ನಿಂತಿತ್ತು. ಒಳಗೆ ಹೋದರೆ ಅವ್ವ ಬಗ್ಗಿ ಹೊರಸಿನ ಕೆಳಗೆ ಕೈಯಾಡಿಸುತ್ತಿರುತ್ತಾಳೆ ಎನ್ನಿಸಿತು. ಕಣ್ಣು ಮುಚ್ಚಿ ಒಂದು ಉಸಿರು ಒಳಗೆ ತೆಗೆದುಕೊಂಡೆ. ಇನ್ನೊಂದು ತೆಗೆದುಕೊಂಡೆ.

ಕೋಣೆಯ ಬಾಗಿಲು ತೆರೆದು ಬೀಗತಿ ಹೊರಬಂದರು. ಹಣೆಯ ಮೇಲೆ ಕೈ.

"ಬಂದ್ರೇನ್ರಿ? ಯಾಕೋ ತಲಿ ಸಿಡ್ಯಾಕತ್ತೈತಿ. ಬಿಸಲಾಗ ಬಂದದ್ದಕ್ಕೋ ಏನೋ."

ಅವರ ಹಿಂದೆ, ಕತ್ತಲೆಯೊಳಗಿನಿಂದ ಮಗಳ ದನಿ ಎಳೆದುಕೊಂಡು ಬಂತು. "ಅವ್ವಾ... ವಾಂತಿ ಬಂದಂಗ ಆಗಾಕತ್ತೈತಿ."

ಇಬ್ಬರಿಗೆ, ಒಟ್ಟಿಗೆ, ಒಂದೇ ಕೋಣೆಯಲ್ಲಿ. ಪಡಸಾಲೆಯ ಮೂಲೆ ನೋಡಿದೆ. ಅಗ್ಗಿಷ್ಟಿಗೆ ಅಲ್ಲಿರಲಿಲ್ಲ.

"ಕೂಸಿನ್ನ ಕೊಡ್ರಿ!" ಎಂದು ನುಗ್ಗಿದೆ. ಕೂಸು ಮಗಳ ಮಗ್ಗುಲಲ್ಲಿತ್ತು. ಎತ್ತಿಕೊಂಡರೆ ಅಳಲಿಲ್ಲ, ಕುತ್ತಿಗೆ ನನ್ನ ಮೊಣಕೈಯ ಮೇಲೆ ಹಾಗೇ ಬಿತ್ತು. ಇನ್ನೊಂದು ಕೈಯಿಂದ ಮಗಳ ರಟ್ಟೆ ಹಿಡಿದು ಎಳೆದೆ.

"ಏ ಏ, ಏನ ಮಾಡಾಕತ್ತೀರಿ! ಹಸಿ ಬಾಣಂತಿಗೆ ಗಾಳಿ ಬಡೀತೈತಿ!" ಎಂದು ಬೀಗತಿ ಅಡ್ಡ ಬಂದರು.

"ಗಾಳಿ ಬಡೀಲಿ! ನೀವೂ ಹೊರಗ ನಡ್ರಿ, ಮೊದ್ಲ ನಡ್ರಿ!"

ನನ್ನ ದನಿ ಅವರಿಗೆ ಸಂತೆಯ ದನಿಯಂತೆ ಕೇಳಿಸಿರಬೇಕು, ಸರಿದರು. ಎಲ್ಲರೂ ಅಂಗಳಕ್ಕೆ ಬಂದೆವು. ಮಗಳು ತುಳಸಿಕಟ್ಟೆಗೆ ಒರಗಿ ಕುಳಿತಳು. ನಾನು ಕೂಸಿನ ಟೊಪ್ಪಿಗೆ ಬಿಚ್ಚಿ, ಪಾದ ತಿಕ್ಕಿ, ಅದರ ಮೂಗಿನ ಹತ್ತಿರ ನನ್ನ ಕೆನ್ನೆ ಹಿಡಿದೆ. ಉಸಿರು ಇತ್ತು. ಆದರೆ ಕಣ್ಣು ತೆರೆಯಲಿಲ್ಲ. ಓಣಿಯ ತುದಿಯ ಆಟೋದವನನ್ನು ಕೂಗುತ್ತ ಪಾದ ತಿಕ್ಕಿದೆ, ತಿಕ್ಕುತ್ತ ಕೂಗಿದೆ. ಆಟೋ ತಿರುಗಿ ನಿಲ್ಲುವ ಹೊತ್ತಿಗೆ ಕೂಸು ಮುಖ ಕಿವಿಚಿ, ಎಲ್ಲಿಂದಲೋ ಬಲ ಹುಡುಕಿಕೊಂಡು ಬಂದಂತೆ ಚೀರಿತು. ಅಂಥ ಸಿಟ್ಟಿನ ಅಳು ನಾನು ಕೇಳಿರಲಿಲ್ಲ. ಬೀಗತಿ ಅಲ್ಲೇ ನೆಲಕ್ಕೆ ಕುಸಿದು, "ಅಳೋ ನಮ್ಮಪ್ಪಾ, ಅಳು," ಎನ್ನುತ್ತಿದ್ದರು.

ಆಸ್ಪತ್ರೆಯಲ್ಲಿ ಮಗಳು, ಕೂಸು, ಬೀಗತಿ ಮೂವರಿಗೂ ಆಮ್ಲಜನಕ ಹಚ್ಚಿದರು. ಬೀಗತಿ ತನಗೇನೂ ಆಗಿಲ್ಲ ಎಂದು ಮಾಸ್ಕು ಕಿತ್ತುಕೊಳ್ಳುತ್ತಿದ್ದರು. ನರ್ಸು ಗದರಿಸಿ ಮತ್ತೆ ಹಾಕುತ್ತಿದ್ದಳು. ಸಮಯಕ್ಕೆ ತಂದಿರಿ, ಇನ್ನು ಹೆದರಬೇಡಿ ಎಂದು ಡಾಕ್ಟರು ಹೇಳುವ ತನಕ ನಾನು ಬಾಗಿಲ ಚೌಕಟ್ಟು ಬಿಡಲಿಲ್ಲ. ಅಂಗಡಿ ಮುಚ್ಚಿ ಓಡಿ ಬಂದ ಅಳಿಯನಿಗೆ, ಆ ಕೋಣೆಗೆ ಮೊದಲು ಹೋಗಿ ಬಾಗಿಲು ಕಿಟಕಿ ಪೂರ್ತಿ ತೆರೆದು, ಅಗ್ಗಿಷ್ಟಿಗೆ ಹೊರಗಿಟ್ಟು ಬಾ, ಒಳಗೆ ನಿಲ್ಲಬೇಡ ಎಂದು ಹೇಳಿ ಕಳಿಸಿದೆ.

ಮನೆಗೆ ಬಂದ ಮೇಲೆ ಬೀಗತಿ ಊಟಕ್ಕೂ ಏಳಲಿಲ್ಲ. ಹಿತ್ತಲಲ್ಲಿ ತಮ್ಮ ಇದ್ದಲಿ ಚೀಲದ ಪಕ್ಕ ಕುಳಿತಿದ್ದರು. ಚಹಾ ಒಯ್ದು ಕೊಟ್ಟೆ.

"ಆ ಅಗ್ಗಿಷ್ಟಿಗಿ ಫಳಫಳ ತಿಕ್ಕಿ ಇಟ್ಟಿದ್ರಿ," ಎಂದರು. "ನೀವು ಹಚ್ಚಾಕ ಇಟ್ಟೀರಿ, ಹೊತ್ತ ಸಿಕ್ಕಿಲ್ಲ ಅಂತ ತಿಳಕೊಂಡೆ."

"ಹಂಗ ತಿಳಕೊಳ್ಳೂದ ಬರೋಬ್ಬರಿ ಐತ್ರಿ. ನೋಡಿದವ್ರು ಮತ್ತೇನ ತಿಳಕೋಬೇಕು?"

"ಮಕ್ಕಳು ಮೊಮ್ಮಕ್ಕಳು ಎಲ್ಲಾರನೂ ಹಿಂಗ ಕಾಸಿ ಬೆಳಸೇನ್ರಿ. ಯಾರಿಗೂ ಏನೂ ಆಗಿಲ್ಲ."

"ಯಾವ ಮನ್ಯಾಗ್ರಿ?"

"ನಮ್ಮ ಹಳೇ ಮನ್ಯಾಗ."

"ಅಲ್ಲಿ ಗವಾಕ್ಷಿ ಇತ್ತಿಲ್ರಿ?"

"ಇರದ ಏನ? ಮಳಿಗಾಲದಾಗ ಅದರಿಂದನ ಸೋರ್ತಿತ್ತು."

"ಇಲ್ಲಿ ಎಲ್ಲೈತಿ ತೋರಸ್ರಿ."

ಅವರು ತಲೆಯೆತ್ತಿ ಮನೆಯ ಕಡೆ ನೋಡಿದರು. ನಂತರ ಚಹಾದ ಕಪ್ಪು ಎತ್ತಿಕೊಂಡರು. "ಹಂಗಂದ್ರ ಕಿಡಕಿ ತಗದಿಟ್ಟು ಒಂದೆರಡ ಕೆಂಡ ಇಟ್ರ?" ಎಂದರು. ಇದು ಚೌಕಾಶಿಯ ಮೊದಲ ಮಾತು ಎಂದು ನನಗೆ ತಿಳಿಯದೇ ಇದ್ದೀತೇ.

"ಒಂದೂ ಬ್ಯಾಡ್ರಿ. ಎರಡ ಬೆರಳ ಕಿಡಕಿ ನಂಬಿ ಕೂಸಿನ್ನ ಅಡಾ ಇಡಾಕ ಆಗಂಗಿಲ್ಲ. ಬೆಂಕಿ ಅಂಗಳದಾಗ, ಬಿಸಿ ಅಷ್ಟ ಒಳಗ."

"ಬರೇ ಬಿಸಿ ಹೆಂಗ ಒಯ್ತೀರಿ, ಉಡ್ಯಾಗ ಹಾಕ್ಕೊಂಡೇನು?"

"ಇಟ್ಟಂಗ್ಯಾಗ ಹಾಕ್ಕೊಂಡು."

ಮನೆ ಕಟ್ಟಿಸಿ ಉಳಿದ ಇಟ್ಟಂಗಿಗಳು ಹಿತ್ತಲಲ್ಲೇ ಬಿದ್ದಿದ್ದವು. ಬೀಗತಿ ಒಂದನ್ನು ಎತ್ತಿ ತಿರುವಿ ನೋಡಿ, ಬಿರುಕು ಬಿಟ್ಟದ್ದನ್ನು ಬದಿಗಿಟ್ಟರು. ಅಲ್ಲಿಂದ ಮುಂದೆ ನಾವಿಬ್ಬರೂ ದನದ ಸಂತೆಯಲ್ಲಿ ಕುಳಿತವರಂತೆ ಮಾತಿಗೆ ಬಿದ್ದೆವು. ತಲೆಗೆ ಗಾಳಿ ತಾಗದಂತೆ ಸ್ಕಾರ್ಫು ಕಟ್ಟುವುದಕ್ಕೆ ನಾನು ಒಪ್ಪಿದೆ. ಕಿಟಕಿ ಸದಾ ಒಂದು ಗೇಣು ತೆರೆದಿರುವುದಕ್ಕೆ ಅವರು ಒಪ್ಪಿದರು. ಗಾಳಿ ನೇರ ಹೊರಸಿಗೆ ಬಡಿಯದಂತೆ ಪರದೆ ಕಟ್ಟೋಣವೆಂದೆ. ಬೆಳ್ಳುಳ್ಳಿ ಅಜಿವಾನದ ಹೊಗೆ ಬಿಡಲಾರೆ ಎಂದು ಅವರು ಹಟ ಹಿಡಿದರು. ಹೊಗೆ ಬೇಡ, ಎರಡನ್ನೂ ಹಂಚಿನ ಮೇಲೆ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ತೊಟ್ಟಿಲ ಹತ್ತಿರ ತೂಗುಹಾಕೋಣ ಎಂದೆ. ಮೂಗು ಮುರಿದರು. ಆಮೇಲೆ, "ಗಂಟು ನಾ ಕಟ್ತೇನಿ, ನಿಮ್ಮ ಕೈಲೆ ಬರಂಗಿಲ್ಲ," ಎಂದರು. ವ್ಯವಹಾರ ಮುಗಿಯಿತು.

ಮರುದಿನದಿಂದ ಅವ್ವನ ಅಗ್ಗಿಷ್ಟಿಗೆ ಅಂಗಳದಲ್ಲಿ, ಬಾಗಿಲು ಕಿಟಕಿಗಳಿಂದ ದೂರ, ಬೇವಿನ ಮರದ ಆಚೆ ಉರಿಯತೊಡಗಿತು. ಇಟ್ಟಂಗಿ ಕಾಸಿ, ಕೈಗೆ ತಾಳುವಷ್ಟು ಆರಿಸಿ, ಹಳೆಯ ಕೌದಿಯ ತುಂಡಿನಲ್ಲಿ ಎರಡು ಸುತ್ತು ಸುತ್ತಿ ಮಗಳ ಸೊಂಟದ ಕಡೆ ಇಡುತ್ತಿದ್ದೆವು. ಕೂಸಿನ ಹತ್ತಿರ ಮಾತ್ರ ಇಡುತ್ತಿರಲಿಲ್ಲ. ಅದಕ್ಕೆ ತಾಯಿಯ ಮೈ ಬಿಸಿಯೇ ಸಾಕು ಎಂದು ಡಾಕ್ಟರು ಹೇಳಿದ್ದರು. ಮೊದಲ ಸಲ ಇಟ್ಟಾಗ ಮಗಳ ಬೆನ್ನಿನ ಕೆಳಗೆ ಕೈ ತೂರಿಸಿದೆ.

"ಹತ್ತೇತೇನ?"

"ಇನ್ನೊಂದೀಟು ಬೇಕಬೇ," ಎಂದಳು.

ಇಟ್ಟಂಗಿಯನ್ನು ಅಷ್ಟೇ ಅಷ್ಟು ಹತ್ತಿರಕ್ಕೆ ಸರಿಸಿದೆ. ಹಿಂದಿನಿಂದ ಬೀಗತಿ, "ಆಸೆಬುರುಕಿ ಅದಾಳ ನೋಡ್ರಿ ನಿಮ್ಮ ಮಗಳು," ಎಂದರು.

ಅನುಭವವಿದ್ದವಳೆಂದು ಹೇಳುತ್ತೇನೆ, ಕೇಳುವವರು ಕೇಳಿ. ಕೆಂಡ ಒಂದೇ ಅಲ್ಲ. ಶಿಗ್ಗಾವಿಯ ಅಳಿಯನ ಮನೆಯಲ್ಲಿ ಗ್ಯಾಸ್ ಗೀಸರು ಬಚ್ಚಲುಮನೆಯ ಒಳಗೇ ಇತ್ತು. ಕದ ಹಾಕಿಕೊಂಡು ಸ್ನಾನಕ್ಕೆ ನಿಂತರೆ ಅಲ್ಲೂ ಇದೇ ಅನಿಲ. ನಳದ ಕೆಲಸದವನ ಜೊತೆ ಒಂದು ಮುಂಜಾನೆ ಪೂರ್ತಿ ವಾದ ಮಾಡಿ ಅದನ್ನು ಹೊರಗಿನ ಗೋಡೆಗೆ ಹಾಕಿಸಿದೆ, ಬಚ್ಚಲಿಗೆ ಗಾಳಿಯಾಡಲು ಮುಚ್ಚಲು ಬಾರದ ಜಾಲರಿ ಕೂರಿಸಿದೆ. ಕರೆಂಟು ಹೋದಾಗ ಅಂಗಡಿಯ ಒಳಗೇ ಜನರೇಟರ್ ಹಚ್ಚುತ್ತಿದ್ದ ಅಳಿಯನಿಂದ ಅದನ್ನು ಬಯಲಿಗೆ, ಕಿಟಕಿಗಳಿಂದ ದೂರಕ್ಕೆ ಒಯ್ಯಿಸಿದೆ. ಈ ಅನಿಲ ಏರಿದರೆ ಕೂಗಿಕೊಳ್ಳುವ ಪುಟ್ಟ ಡಬ್ಬಿಯೊಂದು ಸಿಗುತ್ತದೆಂದು ಅವನೇ ತರಿಸಿ ಮಗಳ ಕೋಣೆಯ ಗೋಡೆಗೆ ಹಾಕಿದ. "ಅತ್ತೀ, ಇದು ನಿಮ್ಮಂಗ ಒದರತೈತ್ರಿ," ಎಂದ. ಒದರಲಿ. ಒದರುವುದಕ್ಕೇ ಅದನ್ನು ತಂದದ್ದು.

ಈಗ ಸಂತೆಯಲ್ಲಿ ಯಾರಾದರೂ ಬಗ್ಗಿ ಹೊರಸಿನ ಕೆಳಗೆ ನೋಡಿದರೆ ಬೆಲೆ ಹೇಳುವ ಮೊದಲು, "ಮನಿ ಮಾಳಗಿದೋ ಸ್ಲ್ಯಾಬಿನದೋ?" ಎಂದು ಕೇಳುತ್ತೇನೆ. ಏನು ಹೇಳಿದರೂ ಅವರನ್ನು ಕೂರಿಸಿಕೊಂಡು ನಮ್ಮ ಕೂಸಿನ ಕಥೆ ಹೇಳುತ್ತೇನೆ. ಒಂದು ಜೊತೆ ಇಟ್ಟಂಗಿ ಹೊರಸಿನ ಮೇಲೆ ಇಟ್ಟು ಕಳಿಸುತ್ತೇನೆ. ಅದಕ್ಕೆ ಬೆಲೆ ಇಲ್ಲ, ಚೌಕಾಶಿಯೂ ಇಲ್ಲ.

ಬೀಗತಿ ಊರಿಗೆ ಹೊರಡುವ ಹಿಂದಿನ ಸಂಜೆ ಇಟ್ಟಂಗಿ ಒಳಗೆ ಹೋದ ಮೇಲೆ ನಾವಿಬ್ಬರೂ ಅಗ್ಗಿಷ್ಟಿಗೆಯ ಹತ್ತಿರ ಕುಳಿತಿದ್ದೆವು. ಬೀಗತಿ ಸೆರಗಿನ ಗಂಟಿನಿಂದ ಬೆಳ್ಳುಳ್ಳಿ ಸಿಪ್ಪೆ ತೆಗೆದು ಕೆಂಡದ ಮೇಲೆ ಉದುರಿಸಿದರು. ವಾಸನೆ ಎದ್ದಿತು, ಬೇವಿನ ಎಲೆಗಳ ನಡುವೆ ಹಾದು ಹೋಯಿತು. ಒಳಕೋಣೆಯಲ್ಲಿ ಅದು ಮೈಗೆ ಅಂಟಿಕೊಂಡು ಇರುತ್ತಿತ್ತು. ಬಯಲಿನಲ್ಲಿ ಹಿಡಿಯುವಷ್ಟರಲ್ಲಿ ಇಲ್ಲ. ನಾನು ತಿರುಗಿ ಬೆನ್ನನ್ನು ಕೆಂಡದ ಕಡೆ ಮಾಡಿ ಕುಳಿತೆ. ಬಿಸಿ ಸೀರೆ ದಾಟಿ ಸೊಂಟಕ್ಕೆ ಬರುವ ತನಕ ಕಾದೆ. ಒಂದು ಗೇಣು ತೆರೆದ ಕಿಟಕಿಯಿಂದ ಕೂಸು ಅಳುವುದು ಕೇಳುತ್ತಿತ್ತು.

"ಅಳಾಕತ್ತೈತಿ, ಹೋಗಿ ನೋಡ್ಲೇನು?" ಎಂದರು ಬೀಗತಿ.

"ಒಂದೀಟ ತಡೀರಿ," ಎಂದೆ. "ಅಳ್ಳಿ. ಕೇಳೂಣು."